ಊದಿದವರೂ ಬರೆದವರೂ

ಐರೋಪ್ಯ ಶಾಸ್ತ್ರೀಯ ಸಂಗೀತದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದನ್ನು ರಚನಕಾರರ ಚರಿತ್ರೆಯಾಗಿಯೇ ಬರೆದಿದ್ದಾರೆ. ಇದು ಮೊಟ್ಸಾರ್ಟನ ಕೃತಿ, ಇದು ಬೀಥೋವನನದು, ಇದು ಸ್ಟ್ರೌಸನದು ಎಂದು ಹೆಸರಿಸುವಾಗ, ಆ ಕೃತಿಯನ್ನು ಮೊಟ್ಟಮೊದಲು ತನ್ನ ಉಸಿರಿನಿಂದ ನುಡಿಸಿದವನ ಹೆಸರು ಹಾಳೆಯ ಅಂಚಿಗೆ ಸರಿದುಹೋಗುತ್ತದೆ. ಉಳಿದ ವಾದ್ಯಗಳ ವಿಷಯದಲ್ಲಿ ಇದರಿಂದ ಅಷ್ಟೇನೂ ಅನ್ಯಾಯವಾಗದಿರಬಹುದು. ಏಕೆಂದರೆ ಪಿಯಾನೋಗಾಗಿ ಬರೆದ ಬೀಥೋವನನು ತಾನೇ ಪಿಯಾನೋ ವಿದ್ವಾಂಸನಾಗಿದ್ದನು, ಪಿಟೀಲಿಗಾಗಿ ಬರೆದ ಮೊಟ್ಸಾರ್ಟನು ತಾನೇ ಪಿಟೀಲನ್ನು ಚೆನ್ನಾಗಿ ಬಲ್ಲವನಾಗಿದ್ದನು. ಆದರೆ ಹಾರ್ನ್ ಎಂಬ ಸುರುಳಿಸುತ್ತಿದ ಹಿತ್ತಾಳೆಯ ವಾದ್ಯಕ್ಕೆ ಕೃತಿ ರಚಿಸಿದ ಮಹನೀಯರಲ್ಲಿ ಅದನ್ನು ಊದಬಲ್ಲವರು ತೀರ ವಿರಳ. ಅವರು ಬರೆದುದೆಲ್ಲವೂ ತಮಗೆ ಪರಿಚಿತನಾದ ಒಬ್ಬ ವಾದಕನ ತುಟಿಯನ್ನೂ ದಮ್ಮನ್ನೂ ಕೈಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದುದು. ಆದುದರಿಂದ ಈ ವಾದ್ಯದ ಉತ್ತಮ ಕೃತಿಗಳಿಗೆ ಇಬ್ಬಿಬ್ಬರು ಕರ್ತೃಗಳೆಂದು ಹೇಳಿದರೆ ಅದು ಅತ್ಯುಕ್ತಿಯಾಗಲಾರದೆಂಬುದು ನನ್ನ ಭಾವನೆ.

ವಾದ್ಯದ ಸ್ವಭಾವವನ್ನು ಮೊದಲು ಅರಿತುಕೊಳ್ಳಬೇಕು. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಹಾರ್ನಿನ ಸುರುಳಿಯನ್ನು ಬಿಚ್ಚಿ ನೇರಮಾಡಿದರೆ ಅದು ಸುಮಾರು 12 ಅಡಿ ಉದ್ದದ ಕೊಳವೆಯಾಗುತ್ತದೆ. ಅಷ್ಟು ನೀಳವಾದ ಕೊಳವೆಯಲ್ಲಿ ಊದುವವನ ತುಟಿ ಕಂಪಿಸಿದಾಗ ಹುಟ್ಟುವುದು ಬಯಸಿದ ಯಾವುದೋ ಒಂದು ಸ್ವರವಲ್ಲ. ನಿಸರ್ಗವು ಆ ಉದ್ದಕ್ಕೆ ಗೊತ್ತುಮಾಡಿಕೊಟ್ಟ ಕೆಲವೇ ಸ್ವರಗಳಲ್ಲಿ ಒಂದು. ಈ ಸ್ವರಗಳ ಸಾಲು ಮೆಟ್ಟಿಲುಗಳು ಕೆಳಗೆ ದೂರದೂರವಾಗಿಯೂ ಮೇಲೆ ಹೋದಂತೆಲ್ಲ ಒತ್ತೊತ್ತಾಗಿಯೂ ಇರುವ ಏಣಿಯನ್ನು ಹೋಲುತ್ತದೆ. ಕೆಳಗೆ ರಾಗವನ್ನು ನುಡಿಸುವಷ್ಟು ಸ್ವರಗಳೇ ಇಲ್ಲ. ಮೇಲೆ ಸ್ವರಗಳಿವೆ, ಆದರೆ ತುಟಿಯ ಬಿಗಿ ಕೂದಲೆಳೆಯಷ್ಟು ಹೆಚ್ಚುಕಡಮೆಯಾದರೂ ಪಕ್ಕದ ಸ್ವರವು ಸಿಡಿದು ಸಭೆಯೆಲ್ಲ ತಿರುಗಿ ನೋಡುವಂತಾಗುತ್ತದೆ. ಮೂವತ್ತು ವರ್ಷ ಸಾಧನೆ ಮಾಡಿದ ವಿದ್ವಾಂಸನಿಗೂ ಈ ಭಯ ತಪ್ಪಿದುದಲ್ಲ. ಬೇಟೆಗಾರರ ಕೈಯಲ್ಲಿದ್ದ ಈ ವಾದ್ಯವು ಸಂಗೀತಶಾಲೆಯನ್ನು ಹೊಕ್ಕ ಬಳಿಕವೂ ಬಹುಕಾಲ ಈ ಕಟ್ಟಿನಲ್ಲಿಯೇ ಇದ್ದಿತು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಡ್ರೆಸ್ಡನ್ ಆಸ್ಥಾನದ ವಾದಕನಾದ ಆಂಟೋನ್ ಯೋಸೆಫ್ ಹ್ಯಾಂಪೆಲನು ಬಲಗೈಯನ್ನು ವಾದ್ಯದ ಅಗಲವಾದ ಬಾಯಿಯೊಳಗಿಟ್ಟು ಅಲ್ಪಸ್ವಲ್ಪ ಮುಚ್ಚುತ್ತ ತೆರೆಯುತ್ತ, ನಿಸರ್ಗದ ಸಾಲಿನಲ್ಲಿಲ್ಲದ ಸ್ವರಗಳನ್ನೂ ಪಡೆಯುವ ವಿಧಾನವನ್ನು ಶಾಸ್ತ್ರವಾಗಿ ಬೆಳೆಸಿದನೆಂದು ಹೇಳುತ್ತಾರೆ. ತೆರೆದ ಸ್ವರವು ಉಜ್ವಲ, ಮುಚ್ಚಿದ ಸ್ವರವು ಮಬ್ಬು. ಈ ಬೆಳಕುನೆರಳುಗಳನ್ನು ಸಮಮಾಡಿ ಹಾಡಿನಂತೆ ಹರಿಯಿಸುವುದೇ ವಾದಕನ ಹೆಗ್ಗಳಿಕೆಯಾಯಿತು.

ಹ್ಯಾಂಪೆಲನ ಶಿಷ್ಯರಲ್ಲಿ ಅಗ್ರಗಣ್ಯನಾದವನು ಯಾನ್ ವಾತ್ಸ್ಲಾವ್ ಶ್ಟಿಖ್. ಆತನು 1746ರಲ್ಲಿ ಬೊಹೀಮಿಯಾದ ಝೆಹುಶಿತ್ಸೆ ಎಂಬ ಊರಿನಲ್ಲಿ, ಥುನ್ ಮನೆತನದ ಕೌಂಟ್ ಒಬ್ಬನ ಜಮೀನಿಗೆ ಸೇರಿದ ಜೀತದಾಳಾಗಿ ಜನಿಸಿದನು. ಬೊಹೀಮಿಯಾದ ಪ್ರಭುಗಳಲ್ಲಿ ಹಾರ್ನಿನ ವ್ಯಾಮೋಹ ಅದಕ್ಕೂ ಹಿಂದಿನಿಂದ ಬಂದುದು. ಕೌಂಟ್ ಷ್ಪೋರ್ಕ್ ಎಂಬವನು 1680ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಈ ವಾದ್ಯವನ್ನು ಕೇಳಿ ಮೆಚ್ಚಿ, ತನ್ನ ಇಬ್ಬರು ಸೇವಕರಿಗೆ ಅಲ್ಲಿಯೇ ಅದನ್ನು ಕಲಿಸಿ ಕರೆತಂದನೆಂಬ ಪ್ರತೀತಿಯಿದೆ. ಶ್ಟಿಖನ ಒಡೆಯನೂ ಆ ಹುಡುಗನ ಪ್ರತಿಭೆಯನ್ನು ಕಂಡು ಪ್ರಾಗ್, ಮ್ಯೂನಿಕ್, ಡ್ರೆಸ್ಡನ್ನುಗಳಲ್ಲಿ ಶಿಕ್ಷಣ ಕೊಡಿಸಿದನು. ಕೊಡಿಸಿದ ಮೇಲೆ ಅವನ ವಿದ್ಯೆಯೂ ತನ್ನ ಸ್ವತ್ತೇ ಎಂದು ಭಾವಿಸಿದನು. ಇಪ್ಪತ್ತರ ಪ್ರಾಯದಲ್ಲಿ ಶ್ಟಿಖನು ಕೆಲವರು ಸಂಗಾತಿಗಳೊಡನೆ ಓಡಿಹೋದಾಗ ಕೌಂಟನು ಆಳುಗಳನ್ನಟ್ಟಿ, ಅವನನ್ನು ಹಿಡಿದು ತರಬೇಕು, ತರಲಾಗದಿದ್ದರೆ ಅವನ ಮುಂಬಲ್ಲುಗಳನ್ನಾದರೂ ಉದುರಿಸಿ ಬರಬೇಕೆಂದು ಆಜ್ಞಾಪಿಸಿದನೆಂದು ಚರಿತ್ರಕಾರರು ಹೇಳುತ್ತಾರೆ. ಈ ಮಾತಿನ ಕ್ರೌರ್ಯವನ್ನು ಸ್ವಲ್ಪ ನಿಂತು ಯೋಚಿಸಬೇಕು. ಹಾರ್ನ್ ಊದುವವನಿಗೆ ಮುಂಬಲ್ಲುಗಳೇ ಜೀವನಾಧಾರ. ಊದುವ ತುದಿಯನ್ನು ತುಟಿಗೆ ಒತ್ತಿದಾಗ ತುಟಿಗೆ ಆಸರೆಯಾಗುವುದು ಅವೇ. ಪ್ರಾಣವನ್ನು ಉಳಿಸಿ ವೃತ್ತಿಯನ್ನು ಮಾತ್ರ ಕೊಲ್ಲುವ ಉಪಾಯವನ್ನು ಆ ಒಡೆಯನು ಚೆನ್ನಾಗಿ ತಿಳಿದಿದ್ದನು. ಆದರೆ ಶ್ಟಿಖನು ಗಡಿ ದಾಟಿ ಇಟಲಿಯನ್ನು ಸೇರಿ, ತನ್ನ ಹೆಸರನ್ನು ಇಟಾಲಿಯನ್ ಭಾಷೆಗೆ ತಿರುಗಿಸಿಕೊಂಡು ಜೊವಾನ್ನಿ ಪುಂಟೊ ಎಂಬ ಹೊಸ ಮನುಷ್ಯನಾದನು.

ಆ ಹೆಸರು ಮುಂದೆ ಯೂರೋಪಿನ ರಾಜಧಾನಿಗಳಲ್ಲೆಲ್ಲ ಪ್ರಸಿದ್ಧವಾಯಿತು. 1778ರಲ್ಲಿ ಪ್ಯಾರಿಸ್ಸಿನಲ್ಲಿ ಅವನ ವಾದನವನ್ನು ಕೇಳಿದ ಮೊಟ್ಸಾರ್ಟನು ಮನೆಗೆ ಬರೆದ ಪತ್ರದಲ್ಲಿ ಮುಕ್ತಕಂಠದಿಂದ ಹೊಗಳಿದನು. 1800ರ ಏಪ್ರಿಲ್ 18ರಂದು ವಿಯೆನ್ನಾದ ಬುರ್ಗ್ ನಾಟಕಶಾಲೆಯಲ್ಲಿ ಪುಂಟೊ ಕಚೇರಿ ಮಾಡಿದಾಗ ಅವನೊಡನೆ ಪಿಯಾನೋ ನುಡಿಸಿದವನು ಇಪ್ಪತ್ತೊಂಬತ್ತು ವರ್ಷದ ಬೀಥೋವನ್. ಕಚೇರಿಯ ಹಿಂದಿನ ದಿನವಷ್ಟೇ ಬರೆಯಲು ಉಪಕ್ರಮಿಸಿ ಆತನು ಮುಗಿಸಿಕೊಟ್ಟ ಸೊನಾಟವೇ ಇಂದು ಅವನ 17ನೆಯ ಕೃತಿಯೆಂದು ಪ್ರಖ್ಯಾತವಾಗಿರುವುದು. ಪುಂಟೊ ಮಂದ್ರಸ್ಥಾಯಿಯಲ್ಲಿ ವಿಶೇಷ ಪ್ರವೀಣನು. ಆ ಸೊನಾಟದಲ್ಲಿ ಹಾರ್ನ್ ಮತ್ತೆಮತ್ತೆ ಆಳಕ್ಕಿಳಿದು ನೆಗೆಯುವ ಸ್ಥಳಗಳನ್ನು ನೋಡಿದರೆ ಬೀಥೋವನನು ಆ ಒಬ್ಬ ಮನುಷ್ಯನನ್ನು ಎಷ್ಟು ಸೂಕ್ಷ್ಮವಾಗಿ ಆಲಿಸಿದ್ದನೆಂಬುದು ವ್ಯಕ್ತವಾಗುತ್ತದೆ. ಮರು ತಿಂಗಳು ಹಂಗೆರಿಯಲ್ಲಿ ಇಬ್ಬರೂ ಅದನ್ನು ಪುನಃ ನುಡಿಸಿದಾಗ ಅಲ್ಲಿನ ವಿಮರ್ಶಕನೊಬ್ಬನು, ಪುಂಟೊ ಎಲ್ಲರಿಗೂ ಗೊತ್ತು, ಈ ಬೀಥೋವನ್ ಯಾರೋ ತಿಳಿಯದು ಎಂಬ ಅರ್ಥದಲ್ಲಿ ಬರೆದನು. ಇದನ್ನು ಓದಿದವರು ಆ ವಿಮರ್ಶಕನ ಅಜ್ಞಾನವನ್ನು ಕಂಡು ನಗುವುದುಂಟು. ನನಗಾದರೋ ಅದರಲ್ಲಿ ನಗತಕ್ಕದ್ದೇನೂ ಕಾಣದು. ಅಂದಿನ ಸಂಗೀತಲೋಕದ ನಿಜವಾದ ಕ್ರಮ ಅದು. ಶ್ರೋತೃಗಳು ಬರುತ್ತಿದ್ದುದು ವಾದಕನಿಗಾಗಿ. ಜೀತದಾಳಾಗಿ ಹುಟ್ಟಿದ ಪುಂಟೊ 1803ರ ಫೆಬ್ರುವರಿಯಲ್ಲಿ ಪ್ರಾಗ್ ನಗರದಲ್ಲಿ ತೀರಿಕೊಂಡಾಗ ಸಹಸ್ರಾರು ಮಂದಿ ಅವನ ಅಂತ್ಯಯಾತ್ರೆಯಲ್ಲಿ ನಡೆದರು.

ಮೊಟ್ಸಾರ್ಟನ ಹಾರ್ನ್ ಕೃತಿಗಳ ಹಿಂದೆ ನಿಂತವನು ಬೇರೊಬ್ಬನು. ಯೋಸೆಫ್ ಲಾಯ್ಟ್‌ಗೆಬ್ 1732ರಲ್ಲಿ ಹುಟ್ಟಿದವನು. ಮೊಟ್ಸಾರ್ಟನಿಗಿಂತ ಇಪ್ಪತ್ತನಾಲ್ಕು ವರ್ಷ ಹಿರಿಯನು. ಸಾಲ್ಜ್‌ಬರ್ಗ್ ಆಸ್ಥಾನದಲ್ಲಿ ಮೊಟ್ಸಾರ್ಟನ ತಂದೆಯ ಸಹೋದ್ಯೋಗಿಯಾಗಿ, ಆ ಮನೆಯ ಮಗುವನ್ನು ಎತ್ತಿ ಆಡಿಸಬಹುದಾದ ಸಲುಗೆಯಲ್ಲಿದ್ದವನು. 1770ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದು, ವಿಲಂಬಕಾಲದ ಭಾಗಗಳನ್ನು ಆತನು ಮನುಷ್ಯಕಂಠದಂತೆಯೇ ಹಾಡಿಸುತ್ತಾನೆಂದು ಶ್ಲಾಘಿಸಿತ್ತು. ಮೊಟ್ಸಾರ್ಟನು ಆತನಿಗಾಗಿ ಒಂದು ಪಂಚವಾದ್ಯ ಕೃತಿಯನ್ನೂ ಹಲವು ಕಾನ್ಸರ್ಟೊಗಳನ್ನೂ ಬರೆದನು. ಬರೆಯುವಾಗ ಹಸ್ತಪ್ರತಿಯ ಅಂಚಿನಲ್ಲಿ ಆ ಹಿರಿಯನನ್ನು ಕತ್ತೆಯೆಂದೂ ಎತ್ತೆಂದೂ ವಿನೋದವಾಗಿ ಬೈದನು. 1786ರ ಒಂದು ಕಾನ್ಸರ್ಟೊವನ್ನು ಕೆಂಪು, ನೀಲಿ, ಹಸಿರು, ಕಪ್ಪು ಶಾಯಿಗಳಲ್ಲಿ ಬರೆದನು. ಈ ಬೈಗುಳಗಳನ್ನೇ ಮುಂದುಮಾಡಿ ಲಾಯ್ಟ್‌ಗೆಬ್ ಮಂದಮತಿಯಾಗಿದ್ದನೆಂದು ಬರೆದವರಿದ್ದಾರೆ. ಅದು ಸಲ್ಲದ ಮಾತು. ಮಂದಮತಿಯಾದವನಿಗೆ ಅಂಥ ವಿಲಂಬಗೀತಗಳನ್ನು ಯಾರೂ ಒಪ್ಪಿಸುವುದಿಲ್ಲ. 1791ರಲ್ಲಿ, ತನ್ನ ಆಯುಷ್ಯದ ಕೊನೆಯ ವರ್ಷದಲ್ಲಿ, ಹೆಂಡತಿಯು ಊರಿನಲ್ಲಿಲ್ಲದಾಗ ಮೊಟ್ಸಾರ್ಟನು ರಾತ್ರಿ ಮಲಗಲು ಹೋದದ್ದು ಲಾಯ್ಟ್‌ಗೆಬನ ಮನೆಗೆ. ತನ್ನ ‘ಮಾಯಾ ಕೊಳಲು’ ನಾಟಕಕ್ಕೆ ಕರೆದೊಯ್ದ ಸ್ನೇಹಿತರಲ್ಲಿಯೂ ಅವನಿದ್ದನು.

ಅದೇ ವರ್ಷ ಅವನಿಗಾಗಿ ಬರೆಯತೊಡಗಿದ ಕಡೆಯ ಕಾನ್ಸರ್ಟೊದಲ್ಲಿ ಒಂದು ವಿಶೇಷವಿದೆ. ಇದನ್ನು ನಾನು ಈ ಇಡೀ ಚರಿತ್ರೆಯಲ್ಲಿಯೇ ಅತ್ಯಂತ ಹೃದ್ಯವಾದ ಸಂಗತಿಯೆಂದು ಎಣಿಸುತ್ತೇನೆ. ಹಿಂದಿನ ಕಾನ್ಸರ್ಟೊಗಳಲ್ಲಿದ್ದ ತಾರದ ತುದಿಯೂ ಮಂದ್ರದ ಆಳವೂ ಇದರಲ್ಲಿಲ್ಲ. ಸ್ವರಗಳು ಮಧ್ಯದ ಒಂದು ಕಿರಿದಾದ, ಸುರಕ್ಷಿತವಾದ ವಲಯದಲ್ಲಿ ಸಂಚರಿಸುತ್ತವೆ. ಅಷ್ಟರಲ್ಲಿಯೇ ಮೊಟ್ಸಾರ್ಟನು ತನ್ನ ಉಲ್ಲಾಸವನ್ನೆಲ್ಲ ಹೊಂದಿಸುತ್ತಾನೆ. ಲಾಯ್ಟ್‌ಗೆಬನಿಗೆ ಆಗ ಅರುವತ್ತು ಸಮೀಪಿಸಿತ್ತು. ತುಟಿಯ ಸ್ನಾಯುಗಳು ಮೊದಲಿನ ಬಿಗಿಯನ್ನು ತಾಳುತ್ತಿರಲಿಲ್ಲ. ಅಂಚಿನಲ್ಲಿ ಬೈಗುಳವನ್ನು ಬರೆದ ಕೈಯೇ ಸಾಲಿನಲ್ಲಿ ಆ ಮುದಿ ತುಟಿಯನ್ನು ಇಷ್ಟು ಮೃದುವಾಗಿ ಕಾಪಾಡಿತು. ಕೃತಿ ಮುಗಿಯುವ ಮುನ್ನ ಮೊಟ್ಸಾರ್ಟನು ಮಡಿದನು. ಕೊನೆಯ ಭಾಗವನ್ನು ಶಿಷ್ಯನಾದ ಸ್ಯೂಸ್‌ಮಾಯರನು ಪೂರ್ತಿಮಾಡಿದನು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಷ್ಟೊಲ್ಟ್ಸೆಲ್ ಮತ್ತು ಬ್ಲೂಮೆಲ್ ಎಂಬವರು ಕವಾಟಗಳನ್ನು ಕಂಡುಹಿಡಿದು 1818ರಲ್ಲಿ ಹಕ್ಕುಪತ್ರ ಪಡೆದರು. ಬೆರಳಿನಿಂದ ಕವಾಟವನ್ನೊತ್ತಿದರೆ ಕೊಳವೆಯ ಉದ್ದ ಬದಲಾಗಿ ಎಲ್ಲ ಸ್ವರಗಳೂ ಕೈಗೆಟುಕುವಂತಾದವು. ಷೂಬರ್ಟನು 1828ರ ಮಾರ್ಚ್ 26ರಂದು ಕೇವಲ ತನ್ನ ಕೃತಿಗಳದೇ ಕಚೇರಿಯನ್ನೇರ್ಪಡಿಸಿದಾಗ ಗಾಯಕ, ಪಿಯಾನೋಗಳ ಜೊತೆಗೆ ಹಾರ್ನನ್ನು ಸೇರಿಸಿ ಒಂದು ಹಾಡನ್ನು ಬರೆದುದು ಯೋಸೆಫ್ ಲೆವಿ ಎಂಬ ವಾದಕನಿಗಾಗಿ. ಆದರೂ ಹಳೆಯ ನಾದದ ಮೋಹವು ಬೇಗ ಬಿಡಲಿಲ್ಲ. ಬಾಲ್ಯದಲ್ಲಿ ಸ್ವಲ್ಪ ಹಾರ್ನ್ ಕಲಿತಿದ್ದ ಬ್ರಾಮ್ಸನು 1865ರಲ್ಲಿ ತನ್ನ ತಾಯಿ ತೀರಿಕೊಂಡ ವರ್ಷ ಬರೆದ ತ್ರಿವಾದ್ಯ ಕೃತಿಗೆ ಕವಾಟವಿಲ್ಲದ ಹಾರ್ನೇ ಬೇಕೆಂದನು.

ರಚನಕಾರನೂ ವಾದಕನೂ ಸ್ನೇಹಿತರಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಮ್ಯೂನಿಕ್ ಆಸ್ಥಾನದ ಪ್ರಥಮ ಹಾರ್ನ್ ವಾದಕನಾದ ಫ್ರಾಂಟ್ಸ್ ಸ್ಟ್ರೌಸ್ ಮೊಟ್ಸಾರ್ಟ್, ಹೈಡನ್, ಬೀಥೋವನ್ನರ ಪರಮಭಕ್ತನು. ವಾಗ್ನರನ ಸಂಗೀತವನ್ನೂ ಮನುಷ್ಯನನ್ನೂ ಸಮಾನವಾಗಿ ದ್ವೇಷಿಸಿದವನು. ವಿಧಿವಿಲಾಸವೆಂದರೆ, 1865ರ ‘ಟ್ರಿಸ್ಟನ್’ ಮೊದಲುಗೊಂಡು ‘ಮೈಸ್ಟರ್‌ಸಿಂಗರ್’, ‘ರೈನ್‌ಗೋಲ್ಡ್’, ‘ವಾಲ್ಕ್ಯೂರೆ’ಗಳ ಪ್ರಥಮ ಪ್ರದರ್ಶನಗಳಲ್ಲೆಲ್ಲ ಆ ಸಂಗೀತದ ಅತಿ ಕಠಿಣವಾದ ಹಾರ್ನ್ ಭಾಗಗಳನ್ನು ಊದುವ ಹೊಣೆ ಆತನದೇ ಆಯಿತು. ತಾಲೀಮುಗಳಲ್ಲಿ ವಾಗ್ವಾದಗಳಾದವು, ಆದರೂ ಆ ಮನುಷ್ಯನು ಊದತೊಡಗಿದರೆ ಕೋಪವನ್ನು ಉಳಿಸಿಕೊಳ್ಳುವುದು ಅಸಾಧ್ಯವೆಂದು ವಾಗ್ನರನೇ ಒಪ್ಪಿಕೊಂಡನೆಂದು ಹೇಳುತ್ತಾರೆ. 1883ರಲ್ಲಿ ವಾಗ್ನರನ ಮರಣವಾರ್ತೆಯನ್ನು ಸಾರಿ ವೃಂದವೆಲ್ಲ ಗೌರವದಿಂದ ಎದ್ದುನಿಂತಾಗ ಫ್ರಾಂಟ್ಸ್ ಸ್ಟ್ರೌಸ್ ಒಬ್ಬನೇ ಕುಳಿತಿದ್ದನಂತೆ. ತಾನು ಮೆಚ್ಚದ ಸಂಗೀತವನ್ನು ಹದಿನೇಳು ವರ್ಷ ಲೋಪವಿಲ್ಲದೆ ನುಡಿಸಿ, ಕೊನೆಗೂ ತನ್ನ ಅಭಿಪ್ರಾಯವನ್ನು ಬಿಡದ ಆ ನಿಷ್ಠೆಯಲ್ಲಿ ವೃತ್ತಿಧರ್ಮದ ಒಂದು ಕಠೋರ ಸೌಂದರ್ಯವಿದೆ.

ಆತನ ಮಗನೇ ರಿಚರ್ಡ್ ಸ್ಟ್ರೌಸ್. ಬೆಳಗ್ಗೆದ್ದರೆ ತಂದೆಯ ಹಾರ್ನಿನ ಸಾಧನೆಯನ್ನು ಕೇಳುತ್ತ ಬೆಳೆದ ಹುಡುಗನು ಹದಿನೆಂಟರ ವಯಸ್ಸಿನಲ್ಲಿ ಆ ವಾದ್ಯಕ್ಕೆ ಒಂದು ಕಾನ್ಸರ್ಟೊ ಬರೆದನು. ತಂದೆಯು ಮನೆಯಲ್ಲಿ ಅದನ್ನು ನುಡಿಸಿ ನೋಡಿ, ತಾರಸ್ವರಗಳು ವಿಪರೀತ ಕಷ್ಟವೆಂದು ಆಯಾಸಪಟ್ಟುದನ್ನು ಮಗಳು ಮುಂದೆ ನೆನೆದಿದ್ದಾಳೆ. ವೃಂದದೊಡನೆ ಅದನ್ನು ಮೊದಲು ನುಡಿಸಿದವನು, 1885ರಲ್ಲಿ ಮೈನಿಂಗೆನ್ ನಗರದಲ್ಲಿ, ಗುಸ್ಟಾವ್ ಲೈನ್‌ಹೋಸ್. ರಿಚರ್ಡನು ಎರಡನೆಯ ಹಾರ್ನ್ ಕಾನ್ಸರ್ಟೊವನ್ನು ಬರೆದುದು ಅರುವತ್ತು ವರ್ಷಗಳ ಅನಂತರ, 1942ರಲ್ಲಿ. ನಡುವಿನ ಅವನ ಕೃತಿಗಳಲ್ಲಿ ಹಾರ್ನ್ ಎಲ್ಲೆಲ್ಲಿ ಮೇಲೆದ್ದು ಹಾಡುತ್ತದೆಯೋ ಅಲ್ಲೆಲ್ಲ ತಂದೆಯ ಉಸಿರನ್ನು ಗುರುತಿಸುವುದು ಕಷ್ಟವಲ್ಲ.

ಇಂಗ್ಲೆಂಡಿನಲ್ಲಿ ಈ ವಿದ್ಯೆ ಬ್ರೇನ್ ಎಂಬ ಒಂದು ಮನೆತನದಲ್ಲಿ ನೆಲೆಸಿತು. ತಾತನೂ ದೊಡ್ಡಪ್ಪನೂ ತಂದೆಯೂ ಹಾರ್ನ್ ವಾದಕರು. ತಂದೆ ಆಬ್ರಿ ಬ್ರೇನ್ ಬಿಬಿಸಿ ಸಿಂಫನಿ ವೃಂದದ ಪ್ರಧಾನ ವಾದಕನು. ಅಡಾಲ್ಫ್ ಬುಷ್, ರುಡಾಲ್ಫ್ ಸೆರ್ಕಿನ್ನರೊಡನೆ 1933ರಲ್ಲಿ ಆತನು ಧ್ವನಿಮುದ್ರಿಸಿದ ಬ್ರಾಮ್ಸನ ತ್ರಿವಾದ್ಯ ಕೃತಿಯನ್ನು ಬಲ್ಲವರು ಇಂದಿಗೂ ಹುಡುಕಿ ಕೇಳುತ್ತಾರೆ. ಮಗ ಡೆನಿಸ್ 1921ರಲ್ಲಿ ಹುಟ್ಟಿದನು. ಬಾಯಿ, ಹಲ್ಲುಗಳು ಬಲಿತು ನೆಲೆಗೊಳ್ಳುವ ತನಕ ಹಾರ್ನನ್ನು ಗಂಭೀರವಾಗಿ ಅಭ್ಯಾಸಮಾಡಕೂಡದೆಂಬುದು ತಂದೆಯ ಕಟ್ಟಳೆ. 1938ರಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಬಾಖನ ಮೊದಲನೆಯ ಬ್ರಾಂಡೆನ್‌ಬರ್ಗ್ ಕಾನ್ಸರ್ಟೊದಲ್ಲಿ ಊದಿದುದೇ ಅವನ ರಂಗಪ್ರವೇಶ. ಅಷ್ಟರಲ್ಲಿ ಯುದ್ಧ ಬಂದಿತು. ಡೆನಿಸ್ ವಾಯುಸೇನೆಯ ವಾದ್ಯಮೇಳವನ್ನು ಸೇರಿದನು. ಅಲ್ಲಿ, 1942ರಲ್ಲಿ, ರೇಡಿಯೋ ಕಾರ್ಯಕ್ರಮವೊಂದಕ್ಕೆ ಸಂಗೀತ ಬರೆಯಲು ಬಂದ ಬೆಂಜಮಿನ್ ಬ್ರಿಟನ್ ಆ ತರುಣನ ಹಾರ್ನನ್ನು ಕೇಳಿದನು.

ಅದರ ಫಲವೇ ಟೆನರ್, ಹಾರ್ನ್, ತಂತಿವಾದ್ಯಗಳಿಗಾಗಿ ಬರೆದ ‘ಸೆರೆನೇಡ್’. 1943ರ ಅಕ್ಟೋಬರ್ 15ರಂದು ಲಂಡನ್ನಿನ ವಿಗ್ಮೋರ್ ಸಭಾಂಗಣದಲ್ಲಿ ಪೀಟರ್ ಪಿಯರ್ಸ್ ಹಾಡಿ ಡೆನಿಸ್ ಬ್ರೇನ್ ನುಡಿಸಿದರು. ಕೃತಿಯ ಆರಂಭವೂ ಅಂತ್ಯವೂ ಒಂಟಿ ಹಾರ್ನಿನದು, ಅದೂ ಕವಾಟಗಳನ್ನು ಮುಟ್ಟದೆ ನಿಸರ್ಗದ ಸ್ವರಸಾಲಿನಲ್ಲಿಯೇ ನುಡಿಸತಕ್ಕದ್ದು. ಆ ಸಾಲಿನ ಏಳನೆಯ ಸ್ವರವು ಪಿಯಾನೋದ ಸ್ವರಕ್ಕಿಂತ ತುಸು ಕೆಳಗೆ, ಹನ್ನೊಂದನೆಯದು ತುಸು ಮೇಲೆ ನಿಲ್ಲುತ್ತದೆ. ಪರಿಚಯವಿಲ್ಲದ ಕಿವಿಗೆ ವಾದಕನು ಅಪಸ್ವರ ನುಡಿಸಿದಂತೆಯೇ ತೋರುತ್ತದೆ. ಆದರೆ ಬ್ರಿಟನ್ನನಿಗೆ ಬೇಕಾದುದು ಆ ನಿಸರ್ಗದ ಸ್ವರವೇ. ಹ್ಯಾಂಪೆಲನಿಗಿಂತ ಹಿಂದಿನ ಕಾಡಿನ ಹಾರ್ನು ಆ ಮೂಲಕ ಮರಳಿ ಕೇಳಿಬಂದಿತು. ಕೀಟ್ಸ್ ಕವಿಯ ಸಾನೆಟ್ಟನ್ನು ಅಳವಡಿಸಿದ ಕಡೆಯ ಹಾಡಿನಲ್ಲಿ ಹಾರ್ನ್ ಮೌನವಾಗಿದೆ. ಆ ಹೊತ್ತಿನಲ್ಲಿ ವಾದಕನು ಸದ್ದಿಲ್ಲದೆ ವೇದಿಕೆಯಿಂದೆದ್ದು ಹೊರಗೆ ಹೋಗಬೇಕು, ಅಂತ್ಯಭಾಗವು ದೂರದಿಂದ ಕೇಳಬೇಕು. ಒಬ್ಬನ ಕುರ್ಚಿಯಿಂದ ಬಾಗಿಲಿನ ತನಕದ ಹೆಜ್ಜೆಗಳನ್ನೂ ಎಣಿಸಿ ರಚಿಸಿದ ಸಂಗೀತವಿದು. ಬರವಣಿಗೆಯಲ್ಲಿ ಡೆನಿಸನ ನೆರವು ಅಮೂಲ್ಯವಾಗಿತ್ತೆಂದೂ, ಆದರೆ ಏನನ್ನಾದರೂ ಬದಲಿಸಿರೆಂದು ಸೂಚಿಸಲು ಆತನು ಬಹಳ ಹಿಂಜರಿಯುತ್ತಿದ್ದನೆಂದೂ ಬ್ರಿಟನ್ ಮುಂದೆ ಸ್ಮರಿಸಿದನು. ಹಿಂಡೆಮಿತ್ ಕೂಡ ಡೆನಿಸನಿಗಾಗಿ ಕಾನ್ಸರ್ಟೊ ಬರೆದು 1950ರಲ್ಲಿ ಬಾಡೆನ್‌ಬಾಡೆನ್ನಿನಲ್ಲಿ ತಾನೇ ನಿರ್ದೇಶಿಸಿದನು.

ಈ ಕಥೆಯಲ್ಲಿ ನಮ್ಮ ಮೈಸೂರು ಪ್ರವೇಶಿಸುವುದು ಇಲ್ಲಿಯೇ. 1945ರಲ್ಲಿ ವಾಲ್ಟರ್ ಲೆಗ್ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ವೃಂದವನ್ನು ಕಟ್ಟಿ ಡೆನಿಸ್ ಬ್ರೇನನನ್ನು ಪ್ರಧಾನ ಹಾರ್ನ್ ವಾದಕನನ್ನಾಗಿ ಮಾಡಿಕೊಂಡನು. ಯುದ್ಧಾನಂತರದ ಆ ಬಡತನದ ದಿನಗಳಲ್ಲಿ ವೃಂದವನ್ನು ಉಳಿಸಿಕೊಳ್ಳುವುದು ದುಸ್ಸಾಧ್ಯವಾಗಿದ್ದಾಗ ನೆರವಿಗೆ ಬಂದವರು ಶ್ರೀ ಜಯಚಾಮರಾಜ ಒಡೆಯರು. ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಕಲಿತು, ಮುಂದೆ ಶ್ರೀವಿದ್ಯಾ ಅಂಕಿತದಲ್ಲಿ ಕರ್ಣಾಟಕ ಸಂಗೀತದ ಕೃತಿಗಳನ್ನೂ ರಚಿಸಿದ ಆ ಪ್ರಭುಗಳು 1948ರಲ್ಲಿ ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರಾದರು. ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ಸಹಾಯವನ್ನು ವಾಗ್ದಾನ ಮಾಡಿದರೆಂದು ಲೆಗ್ ಬರೆದಿದ್ದಾನೆ. ರಿಚರ್ಡ್ ಸ್ಟ್ರೌಸ್ 1948ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ, ನಾಲ್ಕು ಹಾಡುಗಳನ್ನು ಬರೆದು ಮರುವರ್ಷ ಕಣ್ಮುಚ್ಚಿದ್ದನು. ಅವುಗಳ ಪ್ರಥಮ ಪ್ರಯೋಗವು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ನಡೆದುದು ಜಯಚಾಮರಾಜ ಒಡೆಯರ ದ್ರವ್ಯಸಹಾಯದಿಂದ. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವನು ಫುರ್ಟ್‌ವೆಂಗ್ಲರ್, ನುಡಿಸಿದುದು ಫಿಲ್‌ಹಾರ್ಮೋನಿಯಾ. ಒಡೆಯರು ಸ್ವತಃ ಅಲ್ಲಿರಲಿಲ್ಲವಾದ್ದರಿಂದ ಅವರು ಕೇಳಲೆಂದು ತಟ್ಟೆಗಳಲ್ಲಿ ಧ್ವನಿಮುದ್ರಣವಾಯಿತು. ಸವೆದ ಸದ್ದಿನ ನಡುವೆ ಅದು ಇಂದಿಗೂ ಉಳಿದಿದೆ. ‘ಸೆಪ್ಟೆಂಬರ್’ ಎಂಬ ಹಾಡಿನ ಕೊನೆಯಲ್ಲಿ ಕಂಠವು ನಿಂತ ಬಳಿಕ ರಾಗವನ್ನು ಎತ್ತಿಕೊಂಡು ಮುಗಿಸುವುದು ಹಾರ್ನ್. ಹಾರ್ನ್ ವಾದಕನ ಮಗನು ಇದಕ್ಕೆ ಬೇರೆ ಯಾವ ವಾದ್ಯವನ್ನು ತಾನೇ ಆರಿಸಿಕೊಂಡಾನು? ಆ ರಾಗವು ಮೊದಲ ಸಲ ಜನರ ಕಿವಿಗೆ ಬಿದ್ದುದರಲ್ಲಿ ಮೈಸೂರಿನ ಬೊಕ್ಕಸದ ಪಾಲೂ ಇತ್ತೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು.

1953ರ ನವೆಂಬರಿನಲ್ಲಿ ಕರಾಯಾನನ ನಿರ್ದೇಶನದಲ್ಲಿ ಡೆನಿಸ್ ಮೊಟ್ಸಾರ್ಟನ ನಾಲ್ಕು ಕಾನ್ಸರ್ಟೊಗಳನ್ನೂ ಧ್ವನಿಮುದ್ರಿಸಿದನು; ಲಾಯ್ಟ್‌ಗೆಬನಿಗೆಂದು ಬರೆದ ಸಂಗೀತವು ಈ ತಟ್ಟೆಯ ಮೂಲಕವೇ ಲಕ್ಷಾಂತರ ಮನೆಗಳನ್ನು ಹೊಕ್ಕಿತು. ಆ ಸಮಯದಲ್ಲಿ ಅವನ ಮುಂದಿದ್ದ ಸ್ವರಪೀಠದ ಮೇಲೆ ಮೋಟಾರುಕಾರಿನ ಪತ್ರಿಕೆಯೊಂದು ತೆರೆದಿತ್ತೆಂದು ಹೇಳುತ್ತಾರೆ. ವೇಗದ ಕಾರುಗಳೆಂದರೆ ಅವನಿಗೆ ಪ್ರಾಣ. 1957ರ ಸೆಪ್ಟೆಂಬರ್ 1ರ ಬೆಳಗಿನ ಜಾವ, ಎಡಿನ್‌ಬರೋದಲ್ಲಿ ಚೈಕೊವ್‌ಸ್ಕಿಯ ‘ಪಥೆಟಿಕ್’ ಸಿಂಫನಿಯನ್ನು ನುಡಿಸಿ ರಾತ್ರಿಯೆಲ್ಲ ಕಾರು ನಡೆಸಿಕೊಂಡು ಲಂಡನ್ನಿಗೆ ಮರಳುತ್ತಿದ್ದಾಗ, ಹ್ಯಾಟ್‌ಫೀಲ್ಡ್ ಬಳಿ ಕಾರು ಮರಕ್ಕೆ ಬಡಿದು ಅವನು ಮೃತನಾದನು. ವಯಸ್ಸು ಮೂವತ್ತಾರು. ಪ್ಯಾರಿಸ್ಸಿನ ಪುಲೆಂಕ್ ಅವನ ಸ್ಮರಣೆಗಾಗಿ ಹಾರ್ನ್, ಪಿಯಾನೋಗಳಿಗೆ ಒಂದು ಶೋಕಗೀತವನ್ನು ಬರೆದನು. ಬ್ರಿಟನ್ ನಾಲ್ಕು ಹಾರ್ನುಗಳಿಗಾಗಿ ಒಂದು ಸ್ಮೃತಿಕೃತಿಯನ್ನು ಆರಂಭಿಸಿ ಪೂರ್ತಿಮಾಡದೆ ಬಿಟ್ಟನು.

ಡೆನಿಸನ ಸ್ಥಾನಕ್ಕೆ ಬಂದವನು ಅವನ ತಂದೆ ಆಬ್ರಿಯಲ್ಲಿ ಕಲಿತ ಆಲನ್ ಸಿವಿಲ್; 1966ರಲ್ಲಿ ಆತನು ಆಬ್ರಿಯು ಹಿಂದೆ ಅಲಂಕರಿಸಿದ್ದ ಬಿಬಿಸಿ ವೃಂದದ ಪ್ರಧಾನ ಪೀಠಕ್ಕೂ ಬಂದನು. ಅದೇ ವರ್ಷದ ಮೇ ತಿಂಗಳಿನಲ್ಲಿ ಬೀಟಲ್ಸ್ ತಂಡದ ಒಂದು ಹಾಡಿಗೆ ಹಾರ್ನ್ ಬೇಕಾಗಿ ಅವನನ್ನು ಕರೆಸಿದರು. ಸ್ವರಲಿಪಿ ಬಾರದ ಪಾಲ್ ಮೆಕಾರ್ಟ್ನಿ ತನಗೆ ಬೇಕಾದ ರಾಗವನ್ನು ಬಾಯಲ್ಲಿ ಗುನುಗಿದನು. ಜಾರ್ಜ್ ಮಾರ್ಟಿನ್ ಅದನ್ನು ಬರೆದುಕೊಂಡನು. ಅದರಲ್ಲಿ ವಾದ್ಯದ ವಾಡಿಕೆಯ ಮೇಲೆಲ್ಲೆಯನ್ನು ದಾಟಿದ ಒಂದು ಸ್ವರವಿತ್ತು. ಸಿವಿಲ್ ಹಾಳೆಯನ್ನು ನೋಡಿ, ತಲೆಯೆತ್ತಿ ಇಬ್ಬರನ್ನೂ ನೋಡಿ, ಹಾರ್ನನ್ನು ತುಟಿಗೇರಿಸಿ ಆ ಸ್ವರವನ್ನು ನುಡಿಸಿದನು.